ಸೇತುವೆಯೇನೋ ಬಂತು, ಬಸ್ಸು?

ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾದ ಸಂಗತಿ ಸದಸ್ಯ ಬಾಂಧವರಿಗೆ ತಿಳಿದೇ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ತುಮರಿ, ಸಿಗಂದೂರು ಭಾಗ ದ್ವೀಪವೆಂದೇ ಹೆಸರಾಯಿತು. ನಾಡಿಗೆಲ್ಲ ವಿದ್ಯುತ್ ಸಿಗಲೆಂದು ಗದ್ದೆ ತೋಟ ಮುಳುಗಿಸಿಕೊಂಡವರು ತಮ್ಮದೇ ತಾಲ್ಲೂಕು ಕೇಂದ್ರವಾದ ಸಾಗರಕ್ಕೆ ಹೋಗಲು ಲಾಂಚಿಗೆ ಕಾಯಬೇಕಿತ್ತು, ಇಲ್ಲವೇ ಎಂಬತ್ತು ಕಿ.ಮೀ. ಆಸುಪಾಸಿನ ಸುತ್ತು ಹಾದಿ ಹಿಡಿಯಬೇಕಿತ್ತು. ಕತ್ತಲಾದ ಮೇಲೆ ಹೆರಿಗೆ ನೋವು ಬಂದ ಮನೆಯವರ ಪಾಡು ಹೇಳಬೇಕಾಗಿಲ್ಲ. 2023ರ ಬೇಸಿಗೆಯ ಕೊನೆಗೆ ನೀರಿಳಿದು ಲಾಂಚ್ ವಾಹನಗಳನ್ನು ಒಯ್ಯದೆ ನಿಂತದ್ದೂ ಉಂಟು. ಸೇತುವೆಗೆ ನಮ್ಮ ಮನಃಪೂರ್ವಕ ಸ್ವಾಗತವಿದೆ.

ಆದರೆ ಒಂದು ವಿಷಯವನ್ನು ಸಂಬಂಧಪಟ್ಟವರು ಗಮನಿಸಬೇಕು. ಲಾಂಚು ಎಷ್ಟೇ ನಿಧಾನವಿರಲಿ, ಬರಿಗೈಲಿ ಬಂದವನನ್ನೂ ದಾಟಿಸುತ್ತಿತ್ತು. ಸೇತುವೆ ವಾಹನವಿದ್ದವನನ್ನು ದಾಟಿಸುತ್ತದೆ. ತಲೆಯ ಮೇಲೆ ಮೂಟೆ ಹೊತ್ತ ಮುದುಕಿ 2.44 ಕಿ.ಮೀ. ಸೇತುವೆಯನ್ನು ನಡೆದು ದಾಟಬೇಕೇ? ಅವಳ ಪಾಲಿಗೆ ಬಸ್ಸು ಬಂದ ದಿನವೇ ಸೇತುವೆ ಬಂದ ದಿನ.

ಬಸ್ಸೆಂದರೆ ಯಾತ್ರಾರ್ಥಿಗಳ ಬಸ್ಸಷ್ಟೇ ಅಲ್ಲ. ದೇವಿಯ ದರ್ಶನಕ್ಕೆ ಬರುವವರು ಹತ್ತು ಗಂಟೆಗೆ ಬಂದರೂ ನಡೆದೀತು. ತೋಟದ ಕೆಲಸ ಹಾಗಲ್ಲ. ಕೊನೆಗಾರ ಬೆಳಿಗ್ಗೆ ಬರಬೇಕು. ಕೊಯ್ದ ಹಸಿ ಅಡಿಕೆಯನ್ನು ಎರಡು ಮೂರು ದಿನದೊಳಗೆ ಸುಲಿದು ಬೇಯಿಸದಿದ್ದರೆ ಕೆಂಪಡಿಕೆಯ ಬಣ್ಣ ಕೆಡುತ್ತದೆ, ಧಾರಣೆ ಇಳಿಯುತ್ತದೆ. ಸುಲಿಯಲು ಬರುವ ಹೆಂಗಸರು ಸಂಜೆ ಮನೆ ಸೇರಲು ಬಸ್ಸಿಲ್ಲವೆಂದರೆ ಮರುದಿನ ಬರುವುದಿಲ್ಲ. ಇಲ್ಲಿ ತಪ್ಪು ಅವರದಲ್ಲ. ಎರಡೆಕರೆಯ ಬೆಳೆಗಾರ ಇವರಿಗಾಗಿ ಜೀಪು ಕಳಿಸಿದರೆ ಕೂಲಿಯಷ್ಟೇ ಬಾಡಿಗೆಯೂ ಆಗುತ್ತದೆ.

ಇನ್ನೊಂದು ಮಾತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವಿರುವುದು ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಸರ್ಕಾರಿ ಬಸ್ಸೇ ಬಾರದ ಊರಿನ ಹೆಣ್ಣುಮಕ್ಕಳಿಗೆ ಆ ಯೋಜನೆ ಪತ್ರಿಕೆಯಲ್ಲಿ ಓದುವ ಸುದ್ದಿ. ಮಲೆನಾಡನ್ನು ದಶಕಗಳಿಂದ ಸಾಕಿದ್ದು ಖಾಸಗಿ ಬಸ್ಸುಗಳೇ ಎಂಬುದನ್ನು ನಾವು ಮರೆತಿಲ್ಲ, ಅವರ ಹೊಟ್ಟೆಯ ಮೇಲೆ ಹೊಡೆಯಿರೆಂದೂ ಹೇಳುತ್ತಿಲ್ಲ. ಲಾಭ ಹುಟ್ಟದ ವೇಳೆಯಲ್ಲಿ, ಅಂದರೆ ಬೆಳಗಿನ ಜಾವ ಮತ್ತು ಕತ್ತಲಾದ ಮೇಲೆ, ಸರ್ಕಾರಿ ಬಸ್ಸು ಓಡಲಿ ಎಂಬುದೇ ನಮ್ಮ ಬೇಡಿಕೆ. ರಾತ್ರಿ ಒಂದು ಬಸ್ಸು ತುಮರಿ ಕಡೆಯೇ ತಂಗಿದರೆ ಬೆಳಗಿನ ಮೊದಲ ಬಸ್ಸಿನ ಪ್ರಶ್ನೆ ತಾನೇ ಬಗೆಹರಿಯುತ್ತದೆ.

ಹಾಗೆಯೇ ಹಸಿರುಮಕ್ಕಿ, ಮುಪ್ಪಾನೆ ಕಡವುಗಳನ್ನು ನೆಚ್ಚಿದ ಊರುಗಳಿಗೆ ಈ ಸೇತುವೆ ದೂರ. ಒಂದು ಸೇತುವೆಯ ನೆಪ ಹೇಳಿ ಅಲ್ಲಿಯ ಲಾಂಚಿಗೆ ಕತ್ತರಿ ಹಾಕುವ ಆಲೋಚನೆ ಯಾರಿಗಾದರೂ ಬಂದರೆ ಅದನ್ನು ಕೈಬಿಡುವುದು ಲೇಸು.

ವೇಳಾಪಟ್ಟಿ ಕಚೇರಿಯಲ್ಲಿ ಕುಳಿತು ಬರೆಯುವಂಥದ್ದಲ್ಲ. ಯಾವ ಊರಿಂದ, ಯಾವ ಹೊತ್ತಿಗೆ, ಎಷ್ಟು ಜನ ಎಂಬುದನ್ನು ಆ ಭಾಗದ ಸದಸ್ಯರು ಒಂದು ಹಾಳೆಯಲ್ಲಿ ಬರೆದು ಸಂಘಕ್ಕೆ ಕಳಿಸಿಕೊಡಿ. ಕೊಯ್ಲಿನ ತಿಂಗಳುಗಳನ್ನು ಬೇರೆಯಾಗಿ ನಮೂದಿಸಿ. ಎಲ್ಲವನ್ನೂ ಕ್ರೋಡೀಕರಿಸಿ ಸಾರಿಗೆ ಅಧಿಕಾರಿಗಳಿಗೆ ಸಂಘದ ವತಿಯಿಂದಲೇ ಒಪ್ಪಿಸುತ್ತೇವೆ.