ಆಕಾಶದಿಂದ ಕಂಡ ನೀಲಿ

ಬೆಲೀಜ್ ದೇಶದ ಗ್ರೇಟ್ ಬ್ಲೂ ಹೋಲನ್ನು ವಿಮಾನದಿಂದಲೇ ನೋಡಬೇಕು, ದೋಣಿಯಲ್ಲಿ ಹೋದವರಿಗೆ ಬರಿಯ ನೀರು ಕಾಣುತ್ತದೆ ಎಂದು ನಮ್ಮ ಬಳಗದ ಹಿರಿಯ ಮಿತ್ರರೊಬ್ಬರು ಕಳೆದ ಸಭೆಯಲ್ಲಿ ಚಿತ್ರಗಳ ಸಮೇತ ಸಾರಿದರು. ಚಪ್ಪಾಳೆಯೂ ಬಿತ್ತು. ನಾವು ಅಲ್ಲಿಗೆ ಹೋದವರಲ್ಲ. ಸರಕಾರಿ ನೌಕರರ ಎಲ್‌ಟಿಸಿ ಕೆರಿಬಿಯನ್ ಕಡಲಿನವರೆಗೆ ಚಾಚುವುದಿಲ್ಲ. ಆದರೂ ಈ ಮಾತಿಗೆ ತಕರಾರು ತೆಗೆಯದೆ ಇರಲಾರೆವು.

ವಿಮಾನ ತೋರಿಸುವುದೇನು? ತಿಳಿನೀಲಿಯ ನಡುವೆ ಸುಮಾರು 300 ಮೀಟರ್ ಅಗಲದ ಒಂದು ಕಡುನೀಲಿ ಬಿಲ್ಲೆ. ಸುಂದರವೇ, ಒಪ್ಪಿದೆವು. ಆದರೆ ಅದು ಕುಳಿಯ ಬಾಯಿ ಮಾತ್ರ. 120 ಮೀಟರಿಗೂ ಮಿಕ್ಕ ಆಳದ ಈ ಕುಳಿ, ಹಿಮಯುಗಗಳಲ್ಲಿ ಕಡಲು ತಗ್ಗಿದ್ದಾಗ ಸುಣ್ಣಕಲ್ಲಿನೊಳಗೆ ರೂಪುಗೊಂಡ ಗುಹೆ; ಚಾವಣಿ ಕುಸಿದು, ಕಡಲು ಮತ್ತೆ ಏರಿ ಅದನ್ನು ನುಂಗಿತು. ಸಾಕ್ಷಿ ಬೇಕಿದ್ದರೆ ಸುಮಾರು 40 ಮೀಟರ್ ಕೆಳಗೆ ಇಳಿಯಬೇಕು. ಅಲ್ಲಿ ಭಾರಿ ಕಲ್ಲಿನ ತೊಂಗಲುಗಳು ಇಳಿಬಿದ್ದಿವೆ. ಅಂಥವು ಹನಿ ತೊಟ್ಟಿಕ್ಕಿ, ಗಾಳಿಯಾಡುವ ಗುಹೆಯಲ್ಲಿ ಬೆಳೆಯುವಂಥವೇ ಹೊರತು ಸಮುದ್ರದಡಿಯಲ್ಲಿ ಅಲ್ಲ. 1971ರಲ್ಲಿ ಜಾಕ್ ಕುಸ್ತೊ ‘ಕ್ಯಾಲಿಪ್ಸೊ’ ಹಡಗಿನಲ್ಲಿ ಬಂದು ಈ ಜಾಗಕ್ಕೆ ಲೋಕಖ್ಯಾತಿ ತಂದುಕೊಟ್ಟದ್ದು ನೀರಿಗೆ ಇಳಿದು. 2018ರಲ್ಲಿ ಜಲಾಂತರ್ಗಾಮಿಯಲ್ಲಿ ಹೋದವರು 90 ಮೀಟರಿನ ಆಸುಪಾಸಿನಲ್ಲಿ ಹೈಡ್ರೋಜನ್ ಸಲ್ಫೈಡಿನ ಪದರವನ್ನು ದಾಟಿದರು. ಅದರ ಕೆಳಗೆ ಆಮ್ಲಜನಕವಿಲ್ಲ, ಮೀನಿಲ್ಲ. ಆ ಕತ್ತಲಿನ ತಳದಲ್ಲೂ ಪ್ಲಾಸ್ಟಿಕ್ ಬಾಟಲಿ ಇತ್ತು!

ಇನ್ನೊಂದು ಸಂಗತಿ. ಈ ಕುಳಿಯನ್ನೂ ಒಳಗೊಂಡ ಬೆಲೀಜ್ ಹವಳದ ದಿಬ್ಬಗಳನ್ನು ಯುನೆಸ್ಕೋ 1996ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2009ರಲ್ಲಿ ಅಪಾಯದ ಪಟ್ಟಿಗೂ ಸೇರಿಸಿತು. ಮ್ಯಾಂಗ್ರೋವ್ ಕಾಡು ಕಡಿಯುತ್ತಿದ್ದರು, ಜಮೀನು ಮಾರುತ್ತಿದ್ದರು. ತೈಲ ತೆಗೆಯುವ ಭೀತಿ ಬೇರೆ. ಕಡಲಿನಲ್ಲಿ ತೈಲ ಹುಡುಕುವುದಕ್ಕೆ ಅಲ್ಲಿನ ಸರಕಾರ ತಡೆ ಹಾಕಿದ ಮೇಲೆ, 2018ರಲ್ಲಿ, ಆ ಕಳಂಕ ಕಳೆಯಿತು. ಆ ಒಂಬತ್ತು ವರ್ಷವೂ ವಿಮಾನದ ಕಿಟಕಿಯಲ್ಲಿ ನೀಲಿ ಬಿಲ್ಲೆ ದುಂಡಗೇ ಇತ್ತು. ನಮ್ಮ ಮುರ್ಡೇಶ್ವರದಾಚೆಯ ನೇತ್ರಾಣಿಯೂ ಮೇಲಿನಿಂದ ಹೃದಯದಾಕಾರ. ನೌಕಾಪಡೆ ಅದನ್ನು ಗುಂಡಿನ ಗುರಿಯಾಗಿ ಬಳಸಿದ್ದು ಆಕಾರ ನೋಡಿದವರಿಗೆ ತಿಳಿಯದು.

ದೋಣಿಯವರು ಲಂಗರು ಹಾಕಿ, ಹವಳ ತುಳಿದು ಹಾಳುಮಾಡುವುದಿಲ್ಲವೇ ಎನ್ನುವಿರಿ. ಮಾಡಬಲ್ಲರು. ಹಾನಿಯೇ ಅಳತೆಗೋಲಾದರೆ ಹೋಗದೆ ಮನೆಯಲ್ಲಿರುವುದೇ ವಾಸಿ. ಆ ವಾದಕ್ಕೆ ನಾವು ತಲೆಬಾಗುತ್ತೇವೆ. ಆದರೆ ಮಿತ್ರರು ಹೇಳಿದ್ದು ಹಾನಿಯ ಮಾತಲ್ಲ, ನೋಡಲು ಏನೂ ಇಲ್ಲವೆಂಬ ಮಾತು.

ಅವರ ಶ್ರೀಮತಿಯವರು ಅದೇ ದಿನ ದೋಣಿಯಲ್ಲಿ ಹೋಗಿದ್ದರಂತೆ. ದಾರಿಯುದ್ದಕ್ಕೂ ವಾಂತಿ, ಆಮೇಲೆ ಕುಳಿಯ ಅಂಚಿನಲ್ಲಿ ತೇಲುತ್ತ ಹವಳವನ್ನೂ ಮೀನುಗಳನ್ನೂ ನೋಡಿ, ಹಾಫ್ ಮೂನ್ ದ್ವೀಪದಲ್ಲಿ ಕೆಂಪು ಕಾಲಿನ ಬೂಬಿ ಹಕ್ಕಿಗಳ ಗೂಡುಗಳೆದುರು ನಿಂತು ಬಂದರಂತೆ. ಚಹಾದ ಹೊತ್ತಿನಲ್ಲಿ ಮೆಲ್ಲಗೆ ಹೇಳಿದರು. ಸಭೆಯಲ್ಲಿ ಅವರನ್ನು ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಮುಂದಿನ ತಿಂಗಳು ಅವರು ಮಾತಾಡಲಿ. ಚಿತ್ರಗಳಿಲ್ಲದಿದ್ದರೂ ಅಡ್ಡಿಯಿಲ್ಲ.