ಗಪ್ಪಿ ಮರಿ ಉಳಿಸಿದೆವು, ಆಮೇಲೆ ಎಲ್ಲಿ ಬಿಡುವುದು?

ಮಗಳ ಹಟಕ್ಕೆ ಎರಡು ಅಡಿಯ ಗಾಜಿನ ತೊಟ್ಟಿ ತಂದದ್ದು. ಜೊತೆಗೆ ಆರು ಗಪ್ಪಿ. ಒಂದು ಬೆಳಿಗ್ಗೆ ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದಾಗ "ಅಪ್ಪಾ, ಮೀನು ಮರಿ ಹಾಕಿತು" ಎಂದು ಕೂಗಿದಳು. ಹೋಗಿ ನೋಡಿದರೆ ಕಣ್ಣು ಮಾತ್ರ ಕಾಣುವ ಹದಿನೈದಿಪ್ಪತ್ತು ಮರಿ. ಸಂಜೆಗೆ ನಾಲ್ಕು ಉಳಿದಿತ್ತು, ಮರುದಿನ ಒಂದೂ ಇಲ್ಲ. ತಿಂದದ್ದು ಹೆತ್ತ ತಾಯಿಯೇ. ಆ ದಿನ ನಮ್ಮ ಮನೆಯಲ್ಲಿ ಊಟ ಸರಿಯಾಗಿ ಆಗಲಿಲ್ಲ.

ಅಂಗಡಿಯವರಲ್ಲಿ ಕೇಳಿದರೆ, ಮರಿ ಹಾಕಿಸುವ ಪ್ಲಾಸ್ಟಿಕ್ ಪೆಟ್ಟಿಗೆ ಕೊಟ್ಟರು. ಬಸುರಿ ಮೀನನ್ನು ಅದರೊಳಗೆ ಹಾಕಬೇಕಂತೆ. ಹಾಕಿದೆ. ಅಂಗೈಯಗಲದ ಜಾಗದಲ್ಲಿ ಅದು ಎರಡು ದಿನ ಗೋಡೆಗೆ ಮೂತಿ ಬಡಿದು ಸತ್ತೇ ಹೋಯಿತು. ಗಬ್ಬದ ದನವನ್ನು ಕೊನೆಯ ವಾರ ಲಾರಿಗೆ ಹತ್ತಿಸುತ್ತೇವಾ? ಇದೂ ಹಾಗೆಯೇ. ಪೆಟ್ಟಿಗೆಗೆ ದುಡ್ಡು ಹಾಕಬೇಡಿ ಎನ್ನುವುದು ನನ್ನ ಮೊದಲ ಮಾತು.

ಮರಿಗೆ ಬೇಕಾದದ್ದು ಅಡಗುವ ಜಾಗ. ನಮ್ಮ ತೋಡಿನಲ್ಲೇ ಹೈಡ್ರಿಲ್ಲಾ ಬೆಳೆಯುತ್ತದೆ. ಸಪೂರ ದಂಟು, ಸುತ್ತ ಸಣ್ಣ ಸಣ್ಣ ಎಲೆ. ಅದನ್ನು ತಂದು ತೊಟ್ಟಿಯ ಒಂದು ಮೂಲೆಯಲ್ಲಿ ದಟ್ಟವಾಗಿ ತುಂಬಿದೆ. ದೊಡ್ಡ ಮೀನು ನುಗ್ಗುವುದಿಲ್ಲ, ಮರಿ ನುಸುಳುತ್ತದೆ. ಆದರೆ ಸೊಪ್ಪನ್ನು ತಂದ ಕೂಡಲೇ ಹಾಕಬಾರದು. ನಾನು ಹಾಕಿ ಕೆಟ್ಟೆ. ಅದರ ಜೊತೆಗೆ ಏರೋಪ್ಲೇನ್ ಚಿಟ್ಟೆಯ ಮರಿಹುಳ ಬಂದಿತ್ತು. ಅದು ನೀರಿನೊಳಗೇ ಬೆಳೆಯುವ ಬೇಟೆಗಾರ. ಒಂದು ವಾರ ಬೇರೆ ಬಾಲ್ದಿಯಲ್ಲಿ ಇಟ್ಟು, ದಿನಾ ಅಲುಗಿಸಿ ತೊಳೆದು ನೋಡಿಯೇ ಹಾಕಬೇಕು.

ನೀರು ಎಳೆಯುವ ಫಿಲ್ಟರ್ ಇದ್ದರೆ ಅದರ ಬಾಯಿಗೆ ಸ್ಪಂಜು ಕಟ್ಟಿ. ಇಲ್ಲದಿದ್ದರೆ ತಾಯಿ ಬಿಟ್ಟದ್ದನ್ನು ಯಂತ್ರ ನುಂಗುತ್ತದೆ. ಮಳೆಗಾಲದಲ್ಲಿ ಹೆಬ್ರಿ ಕಡೆ ಕರೆಂಟಿನ ಕಥೆ ಗೊತ್ತಲ್ಲ, ಫಿಲ್ಟರನ್ನು ನಂಬಿ ಮೀನು ತುಂಬಿಸುವುದಕ್ಕಿಂತ ಕಡಿಮೆ ಮೀನು, ಹೆಚ್ಚು ಸೊಪ್ಪು ಒಳ್ಳೆಯದು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು. ಬಾವಿ ನೀರಿಗೆ ಕ್ಲೋರಿನ್ ಭಯ ಇಲ್ಲ. ಆದರೆ ಮುರಕಲ್ಲಿನ ನೆಲದ ನಮ್ಮ ನೀರು ಸುಣ್ಣದಂಶ ಕಡಿಮೆಯಾದ ಹುಳಿ ನೀರು. ಗಪ್ಪಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ನಾಲ್ಕು ಮರುವಾಯಿ ಚಿಪ್ಪು ತೊಳೆದು ತಳದಲ್ಲಿ ಹಾಕಿದ ಮೇಲೆ ಮೀನು ಸಾಯುವುದು ಕಡಿಮೆಯಾಯಿತು.

ಮರಿಗೆ ಹುಟ್ಟಿದ ದಿನವೇ ಹಸಿವು. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಹಿಂಡಿ, ಒಂದೆರಡು ಹನಿ. ಹೆಚ್ಚಾದರೆ ನೀರು ನಾರುತ್ತದೆ. ಒಂದೇ ಸಲ ಹೆಚ್ಚು ಕೊಡುವ ಬದಲು ಚೂರು ಚೂರು, ದಿನಕ್ಕೆ ಮೂರು ನಾಲ್ಕು ಸಲ.

ಇಷ್ಟು ಮಾಡಿದ್ದೇ ಮರಿ ಉಳಿಯಿತು. ತೊಂದರೆ ಶುರುವಾದದ್ದೂ ಆಗಲೇ.

ಹೆಣ್ಣು ಗಪ್ಪಿ ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ, ಒಂದು ಸೂಲಿಗೆ ಇಪ್ಪತ್ತು ಮೂವತ್ತು ಸಾಮಾನ್ಯ. ಒಮ್ಮೆ ಗಂಡಿನ ಜೊತೆ ಸೇರಿದರೆ ಮತ್ತೆ ಗಂಡಿಲ್ಲದೆಯೂ ತಿಂಗಳುಗಟ್ಟಲೆ ಮರಿ ಹಾಕಬಲ್ಲದು. ಆ ಮರಿಗಳೂ ಮೂರು ತಿಂಗಳಲ್ಲಿ ತಾಯಿ. ಗಾಜಿನ ತೊಟ್ಟಿ ತುಂಬಿತು, ಎರಡು ಬಾಲ್ದಿ ತುಂಬಿತು. ಒಂದು ಸಂಜೆ ನಾನೇ ಒಂದು ಬಾಲ್ದಿಯನ್ನು ತೋಡಿಗೆ ಸುರಿದೆ. "ಸೊಳ್ಳೆ ಕಮ್ಮಿಯಾಗಲಿ" ಎಂದು ಮಗಳಿಗೆ ಸಮಾಧಾನವನ್ನೂ ಹೇಳಿದೆ.

ಮುಂದಿನ ಬೇಸಿಗೆಯಲ್ಲಿ ತೋಡು ಬತ್ತಿ ಗುಂಡಿಗಳಷ್ಟೇ ಉಳಿದಾಗ ನೋಡಿದೆ. ಗಪ್ಪಿ ತುಂಬಿದೆ. ನೆತ್ತಿಯ ಮೇಲೆ ಹೊಳೆಯುವ ಚುಕ್ಕೆ ಇರುವ, ನೀರಿನ ಮೇಲ್ಮೈಯಲ್ಲೇ ಸುಳಿದಾಡುವ ನಮ್ಮ ಊರಿನ ಮೀನು ಹುಡುಕಿದರೂ ಎರಡೋ ಮೂರೋ. ಗಪ್ಪಿಯಿಂದಲೇ ಹೀಗಾಯಿತು ಎನ್ನಲು ನನ್ನ ಬಳಿ ಲೆಕ್ಕ ಇಲ್ಲ. ಆದರೆ ಆ ಮೀನು ಸೊಳ್ಳೆಮರಿಯನ್ನು ಚೆನ್ನಾಗಿಯೇ ತಿನ್ನುತ್ತದೆ. ಅದು ಸೊಪ್ಪಿಗೆ ಅಂಟಿಸಿ ಮೊಟ್ಟೆ ಇಡುವ ಜಾತಿ. ತನ್ನ ಮರಿಯನ್ನೇ ಬಿಡದ ಗಪ್ಪಿ ಇನ್ನೊಬ್ಬರ ಮೊಟ್ಟೆ ಬಿಡುತ್ತದಾ?

ಗಪ್ಪಿ ನಮ್ಮದಲ್ಲ, ದಕ್ಷಿಣ ಅಮೆರಿಕದ ಉತ್ತರ ಭಾಗ ಮತ್ತು ಟ್ರಿನಿಡಾಡಿನದು. ಅಲ್ಲಿಂದ ಲಂಡನ್ನಿಗೆ ಕಳಿಸಿದ ಗಪ್ಪಿ ಎಂಬವರ ಹೆಸರನ್ನು 1866ರಲ್ಲಿ ಅದಕ್ಕೆ ಇಟ್ಟರು. ಮಲೇರಿಯಾ ತಡೆಯಲೆಂದು ನಾನಾ ದೇಶಗಳಲ್ಲಿ ಬಿಟ್ಟರು, ನಮ್ಮಲ್ಲೂ ಆರೋಗ್ಯ ಇಲಾಖೆಯವರು ಬಾವಿ, ಟಾಂಕಿಗಳಿಗೆ ಹಾಕುತ್ತಾರೆ. ಅದಕ್ಕೆ ನನ್ನ ವಿರೋಧ ಇಲ್ಲ, ಸಿಮೆಂಟ್ ಟಾಂಕಿಯಲ್ಲಿ ಅದು ಒಳ್ಳೆಯ ಕೆಲಸಗಾರ. ಡೆಂಗ್ಯೂ ಸೊಳ್ಳೆ ಹುಟ್ಟುವ ರಬ್ಬರ್ ಚಿಪ್ಪಿ, ಅಡಿಕೆ ಹಾಳೆ, ಒಡೆದ ಪಾಟೆಗಳಿಗೆ ಮಾತ್ರ ಗಪ್ಪಿ ಪರಿಹಾರ ಅಲ್ಲ; ಅವನ್ನು ನಾವೇ ಕವುಚಿ ಹಾಕಬೇಕು. ಆದರೆ ಹೊಳೆಗೆ ಬಿಡುವುದು ಬೇರೆ ವಿಷಯ. ನಮ್ಮ ತೋಡು ಸೀತಾನದಿಗೆ ಸೇರುತ್ತದೆ. ಮೇಲೆ 1974ರಿಂದ ಸೋಮೇಶ್ವರ ಅಭಯಾರಣ್ಯ. ಅಲ್ಲಿ ಮರ ಕಡಿಯಬಾರದು ಎಂದು ಎಲ್ಲರಿಗೂ ಗೊತ್ತು, ಬಾಲ್ದಿ ಸುರಿಯಬಾರದು ಎಂದು ಯಾರೂ ಹೇಳುವುದಿಲ್ಲ.

ಈಗ ನಾನು ಮಾಡುವುದು ಇಷ್ಟು. ತಿಂಗಳಾಗುತ್ತಲೇ ಗಂಡು ಮರಿಗಳನ್ನು ಬೇರ್ಪಡಿಸುತ್ತೇನೆ. ಹೊಟ್ಟೆಯಡಿಯ ರೆಕ್ಕೆ ಕಡ್ಡಿಯಂತೆ ಚೂಪಾಗಿದ್ದರೆ ಗಂಡು. ತೊಟ್ಟಿ ತುಂಬಿದ್ದರೆ ಸೊಪ್ಪು ತೆಗೆದುಬಿಡುತ್ತೇನೆ, ತಾಯಿ ತಿನ್ನಲಿ. ಮಗಳಿಗೆ ಇದು ಒಪ್ಪಿಗೆ ಇಲ್ಲ, ಆ ದಿನ ನನ್ನ ಹತ್ತಿರ ಮಾತಾಡುವುದಿಲ್ಲ. ಉಳಿದದ್ದು ತೋಟದ ಟಾಂಕಿಗೆ. ಅದರ ಮೇಲೆ ಬೋರ್ಡೋ ಹೊಡೆಯುವ ದಿನ ಟಾರ್ಪಾಲು ಕಡ್ಡಾಯ, ಮೈಲುತುತ್ತು ಮೀನಿಗೆ ವಿಷ. ಒಮ್ಮೆ ಮರೆತು ಅಷ್ಟನ್ನೂ ಕಳಕೊಂಡಿದ್ದೇನೆ.

ಸುತ್ತಮುತ್ತಲಿನವರು ಮರಿ ಕೇಳಿಕೊಂಡು ಬರುತ್ತಾರೆ, ಸಂತೋಷದಿಂದ ಕೊಡುತ್ತೇನೆ. ಆದರೆ ಮೊದಲು ಅವರ ಟಾಂಕಿ ತುಂಬಿ ಹರಿಯುವ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತೇನೆ. ತೋಡಿಗೆ ಎಂದರೆ, ಪೈಪಿನ ಬಾಯಿಗೆ ಸೊಳ್ಳೆಬಲೆ ಕಟ್ಟಿ ಬನ್ನಿ, ಆಮೇಲೆ ಮರಿ ಎನ್ನುತ್ತೇನೆ. "ಎರಡು ಮೀನಿಗೆ ಇಷ್ಟು ಕಾನೂನಾ ಮಾರಾಯ್ರೆ" ಎಂದು ನಗುತ್ತಾರೆ. ಕಟ್ಟಿ ಬಂದವರು ಈವರೆಗೆ ಮೂರು ಮನೆಯವರು.