ನಟಿಯರ ಬಿಡಾರ ಮತ್ತು ರಂಗಚರಿತ್ರೆ

ರಂಗಭೂಮಿಯ ಚರಿತ್ರಕಾರರು ನಾಟಕ, ನಟವರ್ಗ, ರಂಗಮಂದಿರಗಳನ್ನು ಗಮನಿಸುತ್ತಾರೆ. ನಟಿ ಎಲ್ಲಿ ತಂಗುತ್ತಿದ್ದಳೆಂದು ಕೇಳುವವರು ವಿರಳ. ನ್ಯೂಯಾರ್ಕಿನ 'ರಿಹರ್ಸಲ್ ಕ್ಲಬ್' ಈ ಪ್ರಶ್ನೆಯ ಮಹತ್ವವನ್ನು ಮನಗಾಣಿಸುತ್ತದೆ. ರಂಗಭೂಮಿಯಲ್ಲಿ ಅವಕಾಶವನ್ನರಸಿ ಬಂದ ತರುಣಿಯರಿಗೆ ಕಡಿಮೆ ಬಾಡಿಗೆಯ ವಸತಿ ಒದಗಿಸಲು 1913ರಲ್ಲಿ ಸ್ಥಾಪಿತವಾದ ಈ ಸಂಸ್ಥೆ 1979ರವರೆಗೆ ನಡೆಯಿತು. ಎಡ್ನಾ ಫರ್ಬರ್ ಮತ್ತು ಜಾರ್ಜ್ ಕಾಫ್‌ಮನ್ ಅವರ 'ಸ್ಟೇಜ್ ಡೋರ್' (1936) ನಾಟಕಕ್ಕೆ ಪ್ರೇರಣೆ ಇದೇ. 1950ರ ದಶಕದಲ್ಲಿ ಕ್ಯಾರಲ್ ಬರ್ನೆಟ್ ಇಲ್ಲಿದ್ದರು.

ಪುರುಷರಿಗೆ ಇಲ್ಲಿ ಮಹಡಿಗೆ ಪ್ರವೇಶವಿರಲಿಲ್ಲ. ಇದನ್ನು ಕೇವಲ ರಕ್ಷಣೆಯೆಂದು ಹೊಗಳುವುದಾಗಲಿ, ಕೇವಲ ಕಾವಲೆಂದು ಹಳಿಯುವುದಾಗಲಿ ಅರ್ಧಸತ್ಯ. ನಟಿಯನ್ನು ಶಂಕೆಯಿಂದ ಕಂಡ ಸಮಾಜದಲ್ಲಿ ಆಕೆ ತನ್ನ ವೃತ್ತಿಸ್ವಾತಂತ್ರ್ಯಕ್ಕೆ ತೆತ್ತ ಬೆಲೆ ಅದು. ಆದ್ದರಿಂದ ಇಂತಹ ವಸತಿಗೃಹಗಳ ನಿಯಮಾವಳಿ, ಬಾಡಿಗೆಯ ಲೆಕ್ಕಗಳನ್ನೂ ಸಂಶೋಧಕರು ರಂಗಚರಿತ್ರೆಯ ಆಕರಗಳೆಂದು ಪರಿಗಣಿಸುವುದು ಅವಶ್ಯಕ.